ನಡಿಗೆಯ ಮೇಲೆ ಥೀಸಿಸ್: ನನ್ನ ಕಿನೀಸಿಯಾಲಜಿ ಮಾಸ್ಟರ್ಸ್ ಅನುಭವ

ಕಿನೀಸಿಯಾಲಜಿಯಲ್ಲಿ ಮಾಸ್ಟರ್ಸ್ ಮಾಡ್ತಿದ್ದೀನಿ ಅಂದ ತಕ್ಷಣ ಬರುವ ಮೊದಲ ಪ್ರಶ್ನೆ, 'ಅಂದ್ರೆ ಫಿಸಿಯೋಥೆರಪಿನಾ?' ಅಲ್ಲ. ಆ ಲೈಸೆನ್ಸ್ ಈ ಡಿಗ್ರಿಯಿಂದ ಸಿಗುವುದಿಲ್ಲ. ಎರಡನೆಯದು, 'ಹಾಗಾದ್ರೆ ಜಿಮ್ ಟ್ರೈನರಾ?' ಕೆಲವರು ಆಮೇಲೆ ಆಗುತ್ತಾರೆ, ಆದರೆ ಅದೂ ಅಲ್ಲ. ಮನುಷ್ಯನ ದೇಹ ಹೇಗೆ ಚಲಿಸುತ್ತದೆ, ಯಾಕೆ ಹಾಗೆ ಚಲಿಸುತ್ತದೆ, ಎಲ್ಲಿ ಎಡವುತ್ತದೆ ಅನ್ನೋದನ್ನು ಅಳೆದು ನೋಡುವ ವಿಷಯ ಇದು. ನಾನು ಅಳೆದಿದ್ದು ವಯಸ್ಸಾದವರ ನಡಿಗೆಯನ್ನು. ಸೇರುವ ಯೋಚನೆಯಲ್ಲಿರುವವರು ಆಗಾಗ ಕೇಳುತ್ತಿರುತ್ತಾರೆ, ಅದಕ್ಕೇ ನಡೆದಿದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಗೊತ್ತಿರಬೇಕಾದ್ದು, ಇದು ಒಂದು ವಿಷಯ ಅಲ್ಲ, ನಾಲ್ಕೈದು ವಿಷಯಗಳು ಒಂದೇ ಬೋರ್ಡಿನ ಕೆಳಗೆ ಕೂತಿರುವುದು. 1964ರಲ್ಲಿ ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿಯ ಫ್ರಾಂಕ್ಲಿನ್ ಹೆನ್ರಿ ಅನ್ನುವ ಪ್ರೊಫೆಸರ್, ದೈಹಿಕ ಶಿಕ್ಷಣ ಅಂದರೆ ಬರೀ ಮೇಷ್ಟ್ರುಗಳನ್ನು ತಯಾರು ಮಾಡುವ ಕೋರ್ಸ್ ಅಲ್ಲ, ಅದು ತನ್ನ ಕಾಲ ಮೇಲೆ ನಿಲ್ಲಬಲ್ಲ ಒಂದು ಅಧ್ಯಯನ ಶಾಖೆ ಎಂದು ವಾದಿಸಿದರು. ಆಮೇಲೆ ವ್ಯಾಯಾಮದ ಶರೀರಕ್ರಿಯೆ, ಬಯೋಮೆಕ್ಯಾನಿಕ್ಸ್ (ಚಲನೆಯ ಹಿಂದಿನ ಬಲಗಳ ಲೆಕ್ಕ), ಮೋಟಾರ್ ಕಂಟ್ರೋಲ್ (ಮಿದುಳು, ನರಗಳು ಚಲನೆಯನ್ನು ನಡೆಸುವ ಬಗೆ), ಕ್ರೀಡಾ ಮನೋವಿಜ್ಞಾನ ಅಂತ ಕವಲೊಡೆಯಿತು. ಈಗ ಹೇಗಾಗಿದೆ ಅಂದರೆ, ನನ್ನ ಪಕ್ಕದ ಮೇಜಿನವನು ಸೈಕಲ್ ತುಳಿಸಿ, ಬಾಯಿಗೆ ಮಾಸ್ಕ್ ಹಾಕಿ ಆಮ್ಲಜನಕದ ಬಳಕೆ ಅಳೆಯುತ್ತಾನೆ, ನಾನು ಹೆಜ್ಜೆ ಅಳೆಯುತ್ತೇನೆ, ಇಬ್ಬರಿಗೂ ಇನ್ನೊಬ್ಬರ ಪೇಪರ್ ಅರ್ಧ ಮಾತ್ರ ಅರ್ಥ ಆಗುತ್ತದೆ. ಹಾಗಾಗಿ 'ಕಿನೀಸಿಯಾಲಜಿ ಚೆನ್ನಾಗಿದೆಯಾ' ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ಲ್ಯಾಬ್ ಅಂತ ಕೇಳಬೇಕು.

ಅದಕ್ಕೇ ಯೂನಿವರ್ಸಿಟಿ ಹೆಸರಿಗಿಂತ ಗೈಡ್ ಮುಖ್ಯ. ಥೀಸಿಸ್ ಇರುವ ಮಾಸ್ಟರ್ಸ್‌ಗೆ ಬಹಳ ಕಡೆ ಅಪ್ಲಿಕೇಶನ್ ಹಾಕುವ ಮುಂಚೆಯೇ ಯಾರಾದರೂ ಪ್ರೊಫೆಸರ್ 'ಸರಿ, ಬಾ' ಅನ್ನಬೇಕು. ಅವರಿಗೆ ಮೇಲ್ ಬರೆಯುವಾಗ 'ನಿಮ್ಮ ಸಂಶೋಧನೆ ನನಗೆ ಸ್ಫೂರ್ತಿ' ಅಂತೆಲ್ಲ ಬರೆದರೆ ಓದದೆ ಪಕ್ಕಕ್ಕಿಡುತ್ತಾರೆ. ಅವರ ಇತ್ತೀಚಿನ ಎರಡು ಮೂರು ಪೇಪರ್ ಪೂರ್ತಿ ಓದಿ, ಅದರ ಮೆಥಡ್ಸ್ ಭಾಗದಲ್ಲಿ ಅರ್ಥವಾಗದ ಒಂದು ಜಾಗ ಹಿಡಿದು ಕೇಳಿ. ನಾನು ಹಾಗೆ ಕೇಳಿದ್ದಕ್ಕೆ, ಆಮೇಲೆ ನನ್ನ ಗೈಡ್ ಆದ ಮೇಡಂ ಉದ್ದದ ಉತ್ತರ ಬರೆದರು, ಕೊನೆಯಲ್ಲಿ 'ಕೋಡ್ ಬರೆಯಲು ಬರುತ್ತಾ?' ಅಂತ ಒಂದೇ ಸಾಲು. ಬರುವುದಿಲ್ಲ, ಕಲಿಯುತ್ತೇನೆ ಅಂದೆ. ಆ ಸಾಲಿನ ತೂಕ ಆಮೇಲೆ ಗೊತ್ತಾಯಿತು. ಇನ್ನೊಂದು ಕೆಲಸ ತಪ್ಪದೆ ಮಾಡಿ, ಆ ಲ್ಯಾಬ್‌ನಲ್ಲಿ ಈಗ ಇರುವ ಸ್ಟೂಡೆಂಟ್ಸ್ ಹತ್ತಿರ ಗೈಡ್ ಇಲ್ಲದಾಗ ಮಾತಾಡಿ. ಮೇಡಂ ಡ್ರಾಫ್ಟ್ ಎಷ್ಟು ದಿನಕ್ಕೆ ವಾಪಸ್ ಕೊಡ್ತಾರೆ, ಯಾವ ಮೆಷಿನ್ ನಿಜವಾಗಲೂ ಕೆಲಸ ಮಾಡ್ತಿದೆ, ಎರಡು ವರ್ಷದ ಕೋರ್ಸ್ ಎಷ್ಟು ವರ್ಷಕ್ಕೆ ಮುಗಿಯುತ್ತೆ, ಇಷ್ಟು ಕೇಳಿದರೆ ಸಾಕು.

ಖರ್ಚಿಗೆ ಟೀಚಿಂಗ್ ಅಸಿಸ್ಟೆಂಟ್ ಕೆಲಸ ಸಿಕ್ಕಿತು. ಡಿಗ್ರಿ ಹುಡುಗರಿಗೆ ಅನಾಟಮಿ ಪ್ರಾಕ್ಟಿಕಲ್ ತೆಗೆದುಕೊಳ್ಳುವುದು. ಸುಮ್ನೆ ಹೊಟ್ಟೆಪಾಡಿನ ಕೆಲಸ ಅಂದುಕೊಂಡಿದ್ದೆ. ಆದರೆ ಸೊಂಟದ ಮುಂಭಾಗದ ಮೂಳೆಯ ತುದಿ ಬೆರಳಿಗೆ ಹೇಗೆ ಸಿಗುತ್ತದೆ, ತೊಡೆಮೂಳೆಯ ಪಕ್ಕದ ಉಬ್ಬು ಎಲ್ಲಿದೆ ಅಂತ ವಾರವಾರ ಬೇರೆಯವರಿಗೆ ತೋರಿಸಿ ತೋರಿಸಿ ಕೈ ಪಳಗಿತು. ಆಮೇಲೆ ಲ್ಯಾಬ್‌ನಲ್ಲಿ ಚಲನೆ ಅಳೆಯಲು ಮೈಮೇಲೆ ಮಾರ್ಕರ್ ಅನ್ನುವ ಪುಟ್ಟ ಗೋಲಿಗಳನ್ನು ಅಂಟಿಸುವಾಗ ಅದೇ ಕೆಲಸಕ್ಕೆ ಬಂತು.

ಕೋರ್ಸ್‌ವರ್ಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅನಾಟಮಿ ಕಷ್ಟ ಅಂತ ಹೆದರಿಸುತ್ತಾರೆ, ನಿಜವಾಗಿ ಒದ್ದಾಡಿಸುವುದು ಸ್ಟ್ಯಾಟಿಸ್ಟಿಕ್ಸ್ ಮತ್ತು ಮೇಟ್ರಿಕ್ಸ್ ಲೆಕ್ಕ. ಒಂದು ಪಾಠ ಮಾತ್ರ ತಲೆಯಲ್ಲಿ ಕೂತಿತು. 1920ರ ದಶಕದಲ್ಲಿ ಮಾಸ್ಕೋದಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಪಳಗಿದ ಕೆಲಸಗಾರರು ಉಳಿಗೆ ಸುತ್ತಿಗೆಯಿಂದ ಹೊಡೆಯುವುದನ್ನು ಫೋಟೋ ತೆಗೆದು ಅಳೆದರು. ಸುತ್ತಿಗೆಯ ತುದಿ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬೀಳುತ್ತದೆ. ಆದರೆ ಭುಜ, ಮೊಣಕೈ, ಮಣಿಕಟ್ಟಿನ ಕೋನಗಳು ಪ್ರತಿ ಏಟಿಗೂ ಬೇರೆ ಬೇರೆ. ಅಂದರೆ ಪಳಗಿದ ಕೈ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುತ್ತಿಲ್ಲ, ಒಂದೇ ಫಲಿತಾಂಶವನ್ನು ಬೇರೆ ಬೇರೆ ದಾರಿಯಲ್ಲಿ ತರುತ್ತಿದೆ. ಏರುಪೇರು ಅಂದರೆ ಬರೀ ದೋಷ ಅಲ್ಲ ಅನ್ನುವ ಈ ಮಾತೇ ನನ್ನನ್ನು ನಡಿಗೆಯ ಕಡೆ ಎಳೆದಿದ್ದು.

ಮೇಡಂ ಹತ್ತಿರ ಹೋದಾಗ ನನ್ನ ಪ್ರಶ್ನೆ 'ವಯಸ್ಸಾದವರು ಯಾಕೆ ಬೀಳುತ್ತಾರೆ' ಅಂತಿತ್ತು. ಅವರು ನಕ್ಕು, 'ಇದಕ್ಕೆ ಒಂದು ಜನ್ಮ ಸಾಲದು, ನಿನಗಿರೋದು ಎರಡು ವರ್ಷ' ಅಂದರು. ಆಮೇಲೆ ಓದಲು ಕೊಟ್ಟಿದ್ದು 1997ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಸ್ವೀಡನ್ ಸಂಶೋಧಕರ ಪುಟ್ಟ ಬರಹ. ಅವರು ಮಾಡಿದ್ದು ತುಂಬಾ ಸರಳ. ವೃದ್ಧರ ಜೊತೆ ನಡೆಯುತ್ತಾ ಮಾತಿಗೆಳೆದರು, ಯಾರು ಉತ್ತರ ಕೊಡಲು ನಿಂತುಬಿಡುತ್ತಾರೆ ಅಂತ ನೋಡಿದರು. 58 ಜನರಲ್ಲಿ 12 ಮಂದಿ ನಿಂತರು. ಮುಂದಿನ 6 ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದರು. ಯಾವ ಮೆಷಿನ್ನೂ ಇಲ್ಲ, ಕ್ಯಾಮೆರಾನೂ ಇಲ್ಲ. ನಡೆಯುವುದು ತಾನಾಗಿ ಆಗುವ ಕೆಲಸ ಅಂದುಕೊಂಡಿರುತ್ತೇವೆ, ಆದರೆ ವಯಸ್ಸಾದಂತೆ ಅದಕ್ಕೂ ಗಮನ ಬೇಕಾಗುತ್ತದೆ. ಆ ಗಮನದಲ್ಲಿ ಪಾಲು ಕೇಳಿದರೆ ಏನಾಗುತ್ತದೆ? ಕತ್ತರಿಸಿ ಕತ್ತರಿಸಿ ಕೊನೆಗೆ ನನ್ನ ಪ್ರಶ್ನೆ ಇಷ್ಟಕ್ಕೆ ನಿಂತಿತು: ಮನಸ್ಸಿನಲ್ಲಿ ಲೆಕ್ಕ ಮಾಡುತ್ತಾ ನಡೆದರೆ ಹೆಜ್ಜೆಯಿಂದ ಹೆಜ್ಜೆಗೆ ಸಮಯದ ಏರುಪೇರು ಎಷ್ಟು ಹೆಚ್ಚುತ್ತದೆ?

ಪ್ರೊಪೋಸಲ್ ಮಂಡಿಸುವ ದಿನ, ಥೀಸಿಸ್ ಪರಿಶೀಲಿಸುವ ಕಮಿಟಿಯ ಒಬ್ಬರು ಸರ್ ಒಂದೇ ಪ್ರಶ್ನೆ ಹಾಕಿ ಇಡೀ ಡಿಸೈನ್ ಬದಲಿಸಿದರು. 'ಲೆಕ್ಕ ಮಾಡುವಾಗ ಜನ ನಿಧಾನ ಆಗ್ತಾರೆ, ಸರಿ. ಬರೀ ನಿಧಾನವಾಗಿ ನಡೆದರೂ ಏರುಪೇರು ಹೆಚ್ಚುತ್ತೆ. ಹಾಗಾದ್ರೆ ನೀನು ಅಳೀತಿರೋದು ಲೆಕ್ಕದ ಪರಿಣಾಮನೋ, ನಿಧಾನದ ಪರಿಣಾಮನೋ?' ಒಳ್ಳೆಯ ಕಮಿಟಿ ಅಂದರೆ ಇದೇ. ಲೆಕ್ಕವಿಲ್ಲದೆ ಬೇಕಂತಲೇ ನಿಧಾನವಾಗಿ ನಡೆಯುವ ಒಂದು ಸುತ್ತು ಸೇರಿಸಿದೆವು. ಜೊತೆಗೆ ಕುರ್ಚಿಯಲ್ಲಿ ಕೂತು ಬರೀ ಲೆಕ್ಕ ಮಾಡುವ ಇನ್ನೊಂದು ಸುತ್ತು. ಕೂತಾಗ ಎಷ್ಟು ಚೆನ್ನಾಗಿ ಲೆಕ್ಕ ಮಾಡ್ತಾರೆ ಅಂತ ಗೊತ್ತಿಲ್ಲದಿದ್ದರೆ ನಡೆಯುವಾಗ ಲೆಕ್ಕ ಕೆಟ್ಟಿತಾ ಇಲ್ಲವಾ ಅಂತ ಹೇಳುವುದು ಹೇಗೆ?

ಎಥಿಕ್ಸ್ ಕಮಿಟಿಯ ಅರ್ಜಿಯನ್ನು ಎಲ್ಲರೂ ಬೈಯುತ್ತಾರೆ. ನಾನು ಬೈಯುವುದಿಲ್ಲ. 1964ರ ಹೆಲ್ಸಿಂಕಿ ಘೋಷಣೆಯಿಂದ ಬಂದ ಸಂಪ್ರದಾಯ ಅದು, ಮನುಷ್ಯರ ಮೇಲೆ ಪ್ರಯೋಗ ಮಾಡುವವರು ಯಾರಿಗೋ ಉತ್ತರ ಕೊಡಲೇಬೇಕು. ಎಪ್ಪತ್ತೈದರ ಒಬ್ಬರನ್ನು ನಡೆಸುತ್ತಾ ಅವರ ಗಮನ ಕೆಡಿಸುತ್ತೇನೆ ಅಂತ ಬರೆದರೆ, ಅವರು ಬಿದ್ದರೆ ಏನು ಮಾಡ್ತೀಯ ಅಂತ ಕೇಳೋದು ಸಹಜ ಅಲ್ವಾ? ಜೊತೆಗೆ ಒಬ್ಬರು ಅರ್ಧ ಹೆಜ್ಜೆ ಹಿಂದೆ ಪಕ್ಕದಲ್ಲಿ ನಡೆಯುತ್ತಾರೆ, ಸೊಂಟಕ್ಕೆ ಹಿಡಿಯಲು ಬೆಲ್ಟ್ ಇರುತ್ತದೆ, ಕೂರಲು ಅಲ್ಲಲ್ಲಿ ಕುರ್ಚಿ ಇಡುತ್ತೇವೆ ಅಂತೆಲ್ಲ ಬರೆದುಕೊಟ್ಟೆ. ಒಪ್ಪಿಗೆ ಪತ್ರವನ್ನು ಸರಳ ಮಾತಲ್ಲಿ ಬರೆ ಅಂತ ಎರಡು ಸಲ ವಾಪಸ್ ಕಳಿಸಿದರು. 'ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು, ಕಾರಣ ಹೇಳಬೇಕಿಲ್ಲ' ಅನ್ನುವ ಸಾಲು ದಪ್ಪ ಅಕ್ಷರದಲ್ಲಿ ಇರಬೇಕು.

ಈಗ ಲ್ಯಾಬ್ ವಿಷಯ. ನಮ್ಮ ಲ್ಯಾಬ್ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಸೀಲಿಂಗ್ ಸುತ್ತ ಇನ್‌ಫ್ರಾರೆಡ್ ಕ್ಯಾಮೆರಾಗಳು, ನೆಲದಲ್ಲಿ ಹುದುಗಿಸಿದ ಫೋರ್ಸ್ ಪ್ಲೇಟ್‌ಗಳು. ಮೈಮೇಲೆ ಬೆಳಕು ಹಿಂದಕ್ಕೆ ಎಸೆಯುವ ಪುಟ್ಟ ಗೋಲಿಗಳನ್ನು ಅಂಟಿಸುತ್ತೇವೆ, ಕ್ಯಾಮೆರಾಗಳು ಅವುಗಳನ್ನು ಮಾತ್ರ ನೋಡುತ್ತವೆ. ಪರದೆಯ ಮೇಲೆ ಮನುಷ್ಯ ಇರುವುದಿಲ್ಲ, ಚುಕ್ಕಿಗಳು ನಡೆಯುತ್ತವೆ. ಚೆಂದ. ಆದರೆ ಅಲ್ಲಿಯ ಅರ್ಧ ಕೆಲಸ ದೆವ್ವ ಬಿಡಿಸುವುದು. ಸ್ಪೋರ್ಟ್ಸ್ ಶೂ ಹಿಂಭಾಗದಲ್ಲಿ ರಾತ್ರಿ ಹೊಳೆಯುವ ಪಟ್ಟಿ ಇರುತ್ತದಲ್ಲ, ಕ್ಯಾಮೆರಾಗೆ ಅದೂ ಮಾರ್ಕರ್ರೇ. ಕಿಟಕಿಯಿಂದ ಬಿಸಿಲು ನೆಲಕ್ಕೆ ಬಿದ್ದರೆ ಅಲ್ಲೊಂದು ಚುಕ್ಕಿ. ಉಂಗುರ, ಕನ್ನಡಕದ ಫ್ರೇಮ್, ಎಲ್ಲಕ್ಕೂ ಕಪ್ಪು ಟೇಪ್ ಸುತ್ತಬೇಕು. ಬೆವರಿದರೆ ಗೋಲಿ ಉದುರುತ್ತದೆ. ತೊಡೆಯ ಮೇಲಿನ ಗೋಲಿ ಮೂಳೆಯ ಜೊತೆ ಅಲ್ಲ, ಚರ್ಮದ ಜೊತೆ ಅಲುಗಾಡುತ್ತದೆ. ಹಾಗಾಗಿ ಪರದೆಯ ಮೇಲಿನ ಮೊಣಕಾಲಿನ ತಿರುವು ನಿಜವಾದ ಮೊಣಕಾಲಿನದಾ, ಅದರ ಮೇಲಿನ ಮಾಂಸದ್ದಾ ಅನ್ನೋದು ಯಾವತ್ತೂ ಇರುವ ತಲೆನೋವು.

ಮತ್ತೆ ಫೋರ್ಸ್ ಪ್ಲೇಟ್. ನಡೆಯುವಾಗ ನೆಲ ನಮ್ಮನ್ನು ಎಷ್ಟು ಒತ್ತುತ್ತದೆ ಅನ್ನುವುದನ್ನು ಅದು ಬರೆಯುತ್ತದೆ. ಗ್ರಾಫ್‌ನಲ್ಲಿ ಎರಡು ಡುಬ್ಬದ ಒಂಟೆಯ ಬೆನ್ನಿನ ಹಾಗೆ ಎರಡು ಉಬ್ಬು, ಪ್ರತಿ ಉಬ್ಬೂ ದೇಹದ ತೂಕಕ್ಕಿಂತ ಸ್ವಲ್ಪ ಜಾಸ್ತಿ, ನಡುವೆ ತಗ್ಗು. ಕಾಲು ಪ್ಲೇಟಿನ ಮೇಲೆ ಪೂರ್ತಿಯಾಗಿ ಬೀಳಬೇಕು, ಒಂದೇ ಕಾಲು ಬೀಳಬೇಕು. ಆದರೆ 'ಪ್ಲೇಟಿನ ಮೇಲೆ ಕಾಲಿಡಿ' ಅಂತ ಹೇಳುವ ಹಾಗಿಲ್ಲ. ಹೇಳಿದರೆ ಜನ ಎರಡು ಹೆಜ್ಜೆ ಮುಂಚೆಯೇ ನೆಲ ನೋಡಿ, ಕೊನೆಯ ಹೆಜ್ಜೆ ಉದ್ದ ಮಾಡಿ, ಗುರಿಯಿಟ್ಟು ಕಾಲಿಡುತ್ತಾರೆ. ಅದು ನಡಿಗೆ ಅಲ್ಲ, ಆಟ. ಹಾಗಾಗಿ ಎದುರಿನ ಗೋಡೆ ನೋಡಿಕೊಂಡು ನಡೆಯಿರಿ ಅನ್ನುತ್ತೇವೆ, ಅವರಿಗೆ ಗೊತ್ತಾಗದ ಹಾಗೆ ಶುರುವಿನ ಜಾಗವನ್ನು ಒಂದು ಗೇಣು ಹಿಂದೆ ಮುಂದೆ ಸರಿಸುತ್ತಾ ಹೋಗುತ್ತೇವೆ, ಕಾಲು ತಾನಾಗಿ ಪ್ಲೇಟಿನ ಮೇಲೆ ಬೀಳುವ ತನಕ.

ಇಷ್ಟೆಲ್ಲ ಕಲಿತ ಮೇಲೆ ಕೂತು ಲೆಕ್ಕ ಹಾಕಿದರೆ, ಈ ಲ್ಯಾಬ್ ನನ್ನ ಪ್ರಶ್ನೆಗೆ ಬೇಕಾಗಿಯೇ ಇರಲಿಲ್ಲ! ನೋಡಿ, ನಡೆಯುವ ಪಟ್ಟೆ 10 ಮೀಟರ್. ಎಡಗಾಲು ಊರಿದಲ್ಲಿಂದ ಮತ್ತೆ ಎಡಗಾಲು ಊರುವ ತನಕ ಸುಮಾರು 1.3 ಮೀಟರ್. ಶುರುವಿನಲ್ಲಿ ವೇಗ ಹಿಡಿಯಲು, ಕೊನೆಯಲ್ಲಿ ನಿಲ್ಲಲು ಹೋಗುವುದನ್ನು ಕಳೆದರೆ ಒಂದು ಸಲಕ್ಕೆ ಉಳಿಯುವುದು ನಾಲ್ಕೈದು ಸುತ್ತು ಹೆಜ್ಜೆ. ಸರಾಸರಿ ವೇಗಕ್ಕೆ ಅಷ್ಟು ಸಾಕು. ಏರುಪೇರಿಗೆ ಸಾಲದು. ಆರೋಗ್ಯವಂತರು ಆರಾಮಾಗಿ ನಡೆಯುವಾಗ ಹೆಜ್ಜೆಯ ಸಮಯದ ಏರುಪೇರು ಶೇಕಡಾ 2ರ ಆಸುಪಾಸು ಇರುತ್ತದೆ, ಇಷ್ಟು ಸಣ್ಣದನ್ನು ನಂಬಿಕೆಯಿಂದ ಅಳೆಯಬೇಕಾದರೆ ತುಂಬಾ ಹೆಜ್ಜೆಗಳು ಬೇಕು, ಅದೂ ನಡುವೆ ನಿಲ್ಲದೆ. ಟ್ರೆಡ್‌ಮಿಲ್ ಇದೆಯಲ್ಲ ಅಂತ ನಾನೂ ಕೇಳಿದೆ. ಟ್ರೆಡ್‌ಮಿಲ್‌ನಲ್ಲಿ ಬೆಲ್ಟಿನ ವೇಗ ಒಂದೇ ಸಮ, ನಡೆಯುವವರನ್ನೂ ಅದು ಒಂದೇ ಸಮ ಮಾಡಿಬಿಡುತ್ತದೆ. ನಿಧಾನ ಆಗಬೇಕು ಅನ್ನಿಸಿದರೆ ಆಗುವ ಹಾಗಿಲ್ಲ. ನನಗೆ ನೋಡಬೇಕಾಗಿದ್ದೇ ಆ ನಿಧಾನ ಆಗುವುದನ್ನು.

ಕೊನೆಗೆ ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾ ಬಿಟ್ಟು, ಶೂಗೆ ಕಟ್ಟುವ ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರ್ ಮತ್ತು ಕಟ್ಟಡದ ಉದ್ದನೆಯ ಕಾರಿಡಾರ್ ಹಿಡಿದೆ. 5 ನಿಮಿಷ ನಡೆದರೆ ಒಂದು ಕಾಲಿಗೆ ಸುಮಾರು 270 ಹೆಜ್ಜೆ. ಕಾರಿಡಾರಿನ ತುದಿಯಲ್ಲಿ ತಿರುಗುವ ಹೆಜ್ಜೆಗಳನ್ನು ಕತ್ತರಿಸಿ ತೆಗೆಯಬೇಕು, ಆದರೂ ಬೇಕಾದಷ್ಟು ಉಳಿಯುತ್ತದೆ. ಸೀನಿಯರ್ ಒಬ್ಬ 'ಇಷ್ಟು ದೊಡ್ಡ ಲ್ಯಾಬ್ ಇಟ್ಕೊಂಡು ಕಾರಿಡಾರಲ್ಲಿ ಥೀಸಿಸ್ಸಾ' ಅಂತ ರೇಗಿಸಿದ. ರೇಗಿಸಲಿ.

ಯಾವ ಲೆಕ್ಕ ಕೊಡುವುದು ಅನ್ನುವುದೂ ಸುಲಭ ಇರಲಿಲ್ಲ. 100ರಿಂದ ಏಳೇಳು ಕಳೆಯುವುದು ಎಲ್ಲರಿಗೂ ಗೊತ್ತಿರುವ ಪದ್ಧತಿ, ಆದರೆ 14 ಸಲ ಕಳೆದರೆ 2ಕ್ಕೆ ಬಂದು ಮುಗಿದೇ ಹೋಗುತ್ತದೆ. ಅದಲ್ಲದೆ ನೆನಪಿನ ಶಕ್ತಿ ಪರೀಕ್ಷಿಸಲು ಮೊದಲೇ ಮಾಡಿಸುವ ಮೋಕಾ ಟೆಸ್ಟ್‌ನಲ್ಲೂ ಇದೇ ಲೆಕ್ಕ ಇದೆ, ಅಂದರೆ ಪ್ರಯೋಗಕ್ಕೆ ಮುಂಚೆಯೇ ಅಭ್ಯಾಸ ಮಾಡಿಸಿದ ಹಾಗಾಗುತ್ತದೆ. ಹಾಗಾಗಿ ಒಂಬೈನೂರರ ಮೇಲಿನ ಯಾವುದಾದರೂ ಸಂಖ್ಯೆಯಿಂದ ಮೂರು ಮೂರು ಕಳೆಯುವುದು ಅಂತ ಇಟ್ಟೆವು.

ಜನ ಸಿಗುವುದು ಕಷ್ಟ ಅಂತ ಎಲ್ಲರೂ ಹೇಳಿದ್ದರು. ಜನ ಸಿಕ್ಕರು. ಆದರೆ ಬಂದವರೆಲ್ಲ ಬೆಳಗ್ಗೆ ವಾಕಿಂಗ್ ಹೋಗುವವರು, ಯೋಗ ಮಾಡುವವರು, 'ನನಗೆ ಬಿಪಿನೂ ಇಲ್ಲ, ಶುಗರ್ರೂ ಇಲ್ಲ' ಅಂತ ಎದೆಯುಬ್ಬಿಸಿ ಬರುವವರು. ಬೀಳುವ ಹೆದರಿಕೆ ಇರುವವರು ಮನೆ ಬಿಟ್ಟು ಲ್ಯಾಬ್‌ಗೆ ಯಾಕೆ ಬರುತ್ತಾರೆ? ಥೀಸಿಸ್‌ನಲ್ಲಿ ಇದನ್ನು ಮಿತಿಗಳ ಭಾಗದಲ್ಲಿ ಎರಡು ಸಾಲು ಬರೆಯುತ್ತೇವೆ, ನನ್ನ ಪ್ರಕಾರ ಅದು ಎರಡು ಸಾಲಿನ ವಿಷಯ ಅಲ್ಲ, ಈ ಇಡೀ ಸಂಶೋಧನಾ ಕ್ಷೇತ್ರವೇ ಗಟ್ಟಿಮುಟ್ಟಾದ ವೃದ್ಧರ ಮೇಲೆ ಜಾಸ್ತಿ ನಿಂತಿದೆ.

ಬಂದವರಲ್ಲಿ ಒಬ್ಬರು ನಿವೃತ್ತ ಗಣಿತ ಮೇಷ್ಟ್ರು. ಶೂಗೆ ಸೆನ್ಸರ್ ಕಟ್ಟಿಸಿಕೊಳ್ಳುತ್ತಾ, 'ಏನಮ್ಮಾ, ನೀನು ನೋಡೋದು ನನ್ನ ಕಾಲನ್ನೋ, ಲೆಕ್ಕವನ್ನೋ?' ಅಂದರು.

'ಎರಡೂ ಸರ್.'

'ಅದು ಸರಿ, ಮಾರ್ಕ್ಸ್ ಯಾವುದಕ್ಕೆ ಜಾಸ್ತಿ?'

ಜೊತೆಗೆ ನಡೆಯಲು ನಿಂತಿದ್ದ ಜೂನಿಯರ್ ನಕ್ಕಳು. ಆದರೆ ಈ ವಿಷಯದಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. ಕಾಲಿನ ಕಡೆ ಗಮನ ಕೊಡಿ ಅಂದರೆ ಲೆಕ್ಕ ಬೀಳುತ್ತದೆ, ಲೆಕ್ಕ ಸರಿಯಾಗಿ ಮಾಡಿ ಅಂದರೆ ನಡಿಗೆ ಕೆಡುತ್ತದೆ. ನಾವು ಬಾಯಿ ಬಿಟ್ಟು ಹೇಳುವ ಒಂದು ವಾಕ್ಯ ಫಲಿತಾಂಶವನ್ನು ಬದಲಿಸುತ್ತದೆ. ಅದಕ್ಕೇ ನಾನು ಹೇಳುವ ಸೂಚನೆಯನ್ನು ಕಾಗದದಲ್ಲಿ ಬರೆದುಕೊಂಡು ಎಲ್ಲರಿಗೂ ಅಕ್ಷರಶಃ ಅದನ್ನೇ ಓದುತ್ತಿದ್ದೆ: 'ಎರಡನ್ನೂ ನಿಮ್ಮ ಕೈಲಾದಷ್ಟು ಚೆನ್ನಾಗಿ ಮಾಡಿ.' ಮೇಷ್ಟ್ರಿಗೂ ಅದನ್ನೇ ಓದಿದೆ. 'ಇದು ಉತ್ತರ ಅಲ್ಲ' ಅಂದರು, ಹೊರಟರು. ಲೆಕ್ಕ ಒಂದೂ ತಪ್ಪಲಿಲ್ಲ. ಆದರೆ ಪ್ರತಿ ಉತ್ತರವನ್ನೂ ಎಡಗಾಲು ನೆಲಕ್ಕೆ ತಾಗುವ ಹೊತ್ತಿಗೆ ಸರಿಯಾಗಿ ಹೇಳುತ್ತಿದ್ದರು, ಅಂದರೆ ಲೆಕ್ಕವೇ ಅವರ ನಡಿಗೆಗೆ ತಾಳ ಹಾಕುತ್ತಿತ್ತು. ಅವರ ಏರುಪೇರು ಹೆಚ್ಚುವ ಬದಲು ಕಡಿಮೆಯಾಯಿತು. ನನ್ನ ಊಹೆಗೆ ಪೂರ್ತಿ ಉಲ್ಟಾ. ಇಂಥ ಡೇಟಾ ಕೈಬಿಡುವ ಹಾಗಿಲ್ಲ, ಇಟ್ಟುಕೊಂಡು ವಿವರಿಸಬೇಕು.

ಇನ್ನೊಬ್ಬ ಅಜ್ಜಿ ಮೂರನೇ ನಿಮಿಷಕ್ಕೆ ಲೆಕ್ಕ ಬಿಟ್ಟುಬಿಟ್ಟರು. ಸುಮ್ಮನೆ ನಡೆದರು, ಚೆನ್ನಾಗಿ ನಡೆದರು. ಮುಗಿದ ಮೇಲೆ ಕೇಳಿದರೆ 'ಬಿದ್ದರೆ ಲೆಕ್ಕ ಬಂದು ಎತ್ತುತ್ತಾ?' ಅಂದರು. ಪುಸ್ತಕದಲ್ಲಿ ಇದನ್ನು ಮೊದಲು ಭಂಗಿ (ಬೀಳದ ಹಾಗೆ ಮೈ ಕಾಯುವುದು), ಆಮೇಲೆ ಉಳಿದಿದ್ದು ಅನ್ನುವ ತಂತ್ರ ಅಂತ ಬರೆದಿದ್ದಾರೆ. ಅವರ ಮಾತು ಅದಕ್ಕಿಂತ ಚೆನ್ನಾಗಿತ್ತು, ಥೀಸಿಸ್‌ನಲ್ಲಿ ಹಾಕಬೇಕು ಅಂತ ಆಸೆಯಿತ್ತು, ಮೇಡಂ ಹೊಡೆದು ಹಾಕಿದರು.

ಅಳೆಯುವುದು ಮುಗಿದ ಮೇಲೆ ತಿಂಗಳುಗಟ್ಟಲೆ ಕೋಡ್. ಸೆನ್ಸರ್‌ನಿಂದ ಬರುವುದು ಬರೀ ಅಂಕಿಗಳ ಸಾಲು, ಅದರಲ್ಲಿ ಹಿಮ್ಮಡಿ ನೆಲ ಮುಟ್ಟಿದ ಕ್ಷಣ ಯಾವುದು ಅಂತ ಕೋಡ್ ಹುಡುಕಬೇಕು. ಕಾಲೆಳೆದು ನಡೆಯುವವರಲ್ಲಿ ಆ ಕ್ಷಣ ಚೂಪಾಗಿ ಕಾಣುವುದಿಲ್ಲ. ಒಂದು ಹೆಜ್ಜೆ ಬಿಟ್ಟುಹೋದರೆ ಅಲ್ಲಿ ಸಮಯ ದುಪ್ಪಟ್ಟು ಕಾಣುತ್ತದೆ, ಏರುಪೇರು ಸುಳ್ಳೇ ಮೇಲೆ ಹೋಗುತ್ತದೆ. ಅದಕ್ಕೇ ಕೋಡ್ ಎಷ್ಟೇ ಜಾಣ ಇದ್ದರೂ ಪ್ರತಿ ಫೈಲಿನ ಗ್ರಾಫ್ ಕಣ್ಣಲ್ಲಿ ನೋಡುತ್ತಿದ್ದೆ. ಲ್ಯಾಬ್‌ನಲ್ಲಿ ಕ್ಯಾಮೆರಾ ಡೇಟಾ ಇರುವ ಗೆಳೆಯರ ಕಥೆ ಇನ್ನೂ ಬೇರೆ, ಕಾಣೆಯಾದ ಚುಕ್ಕಿಗಳ ಜಾಗ ತುಂಬಬೇಕು, ಆಮೇಲೆ ಫಿಲ್ಟರ್. ನಡಿಗೆಗೆ ಬಹಳ ಮಂದಿ 6 ಹರ್ಟ್ಸ್ ಬಟರ್‌ವರ್ತ್ ಫಿಲ್ಟರ್ ಹಾಕುತ್ತಾರೆ, ಅಂದರೆ ಸೆಕೆಂಡಿಗೆ 6 ಸಲಕ್ಕಿಂತ ವೇಗವಾದ ನಡುಕವನ್ನು ಗದ್ದಲ ಅಂತ ಸೋಸುವ ಲೆಕ್ಕ. ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಓಡಿಸುತ್ತಾರೆ, ಇಲ್ಲದಿದ್ದರೆ ಡೇಟಾ ಕಾಲದಲ್ಲಿ ಸರಿದುಬಿಡುತ್ತದೆ. ಯಾಕೆ 6 ಅಂತ ಕೇಳಿದರೆ ಅರ್ಧ ಜನ 'ಎಲ್ಲರೂ ಹಾಕ್ತಾರೆ' ಅನ್ನುತ್ತಾರೆ. ವೈವಾದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ, ಉತ್ತರ ಇಟ್ಟುಕೊಂಡಿರಿ.

ಫಲಿತಾಂಶ? ಲೆಕ್ಕ ಮಾಡುವಾಗ ಬಹುತೇಕ ಎಲ್ಲರೂ ನಿಧಾನವಾದರು. ಏರುಪೇರು ಹೆಚ್ಚಿತು. ಆದರೆ ಅದರಲ್ಲಿ ದೊಡ್ಡ ಪಾಲು ಬರೀ ನಿಧಾನ ನಡೆದಾಗಲೂ ಬಂದಿತ್ತು, ಲೆಕ್ಕದ ಪಾಲು ಅಂತ ಉಳಿದಿದ್ದು ಚಿಕ್ಕದು. ಆ ಸರ್ ಕೇಳಿದ ಪ್ರಶ್ನೆ ಇಲ್ಲದಿದ್ದರೆ ಅಷ್ಟೂ ಲೆಕ್ಕದ್ದೇ ಅಂತ ಬರೆದಿರುತ್ತಿದ್ದೆವು. ಚಿಕ್ಕ ಫಲಿತಾಂಶಕ್ಕೆ ಬೇಜಾರಾಯಿತಾ ಅಂದರೆ ಆಯಿತು. ಪೇಪರ್ ಕಳಿಸಿದಾಗ ಎರಡನೇ ರಿವ್ಯೂವರ್ 'ಹೊಸದೇನಿದೆ' ಅಂತ ಒಂದು ಸಾಲಲ್ಲಿ ಕೇಳಿದಾಗ ಇನ್ನೂ ಬೇಜಾರಾಯಿತು. ಮೊದಲನೇ ರಿವ್ಯೂವರ್ ಮಾತ್ರ, ನಡಿಗೆಯ ಪಕ್ಕದಲ್ಲೇ ಪ್ರತಿಯೊಬ್ಬರ ಲೆಕ್ಕದ ಉತ್ತರಗಳನ್ನೂ ತೋರಿಸಿ ಅಂದರು. ಆಡಿಯೋ ಇತ್ತು, ಮತ್ತೆ ಕೇಳಿ ಎಲ್ಲ ಬರೆದುಕೊಂಡೆ. ಹಾಗೆ ಪಕ್ಕಪಕ್ಕ ಇಟ್ಟಾಗಲೇ ಪೇಪರ್‌ಗೆ ಜೀವ ಬಂದಿದ್ದು. ಸರಾಸರಿಯೊಳಗೆ ಮುಚ್ಚಿಹೋಗಿದ್ದ ಎರಡು ಬಗೆಯ ಜನ ಕಂಡರು, ಲೆಕ್ಕ ಬಿಟ್ಟು ನಡಿಗೆ ಉಳಿಸಿಕೊಂಡವರು, ನಡಿಗೆ ಬಿಟ್ಟು ಲೆಕ್ಕ ಹಿಡಿದವರು.

ವೈವಾ ಅಂದುಕೊಂಡಷ್ಟು ಭಯಾನಕ ಇರಲಿಲ್ಲ. ಎರಡು ಗಂಟೆ ಆಯಿತು, ಅದರಲ್ಲಿ ಅರ್ಧ ಹೊತ್ತು ಕಮಿಟಿಯವರು ಅವರವರೇ ಜಗಳವಾಡಿದರು. ಮೇಷ್ಟ್ರ ಎಡಗಾಲಿನ ವಿಷಯ ಬಂದಾಗ ಎಲ್ಲರೂ ಮುಂದೆ ಬಾಗಿ ಗ್ರಾಫ್ ನೋಡಿದರು. ಸಣ್ಣ ತಿದ್ದುಪಡಿಗಳ ಜೊತೆ ಪಾಸ್ ಅಂದರು. ಆ ಸಣ್ಣ ತಿದ್ದುಪಡಿಗಳಲ್ಲಿ ಒಂದು, ಎಲ್ಲ ಗ್ರಾಫ್‌ಗಳನ್ನೂ ಮತ್ತೆ ಬರೆಯುವುದು!

ಈಗ ಅದೇ ಲ್ಯಾಬ್‌ನಲ್ಲಿ ಪಿಎಚ್‌ಡಿಗೆ ಸೇರಿದ್ದೇನೆ. ಲ್ಯಾಬ್‌ಗೆ ಬರಲಾಗದವರ ಮನೆಗೇ ಹೋಗಿ ಒಂದು ವಾರ ಸೆನ್ಸರ್ ಹಾಕಿಸುವ ಯೋಜನೆ, ನೋಡುವವರು ಯಾರೂ ಇಲ್ಲದಾಗ ಅವರು ಹೇಗೆ ನಡೆಯುತ್ತಾರೆ ಅಂತ. ಎಥಿಕ್ಸ್ ಕಮಿಟಿಯಿಂದ ಪ್ರಶ್ನೆಗಳು ಬಂದಿವೆ. ಸ್ನಾನಕ್ಕೆ ಹೋಗುವಾಗ ತೆಗೆಯಬೇಕಾ, ತೆಗೆಯಲು ಬಗ್ಗಿದಾಗ ಬಿದ್ದರೆ ಏನು ಮಾಡ್ತೀರಾ, ಸೆನ್ಸರ್‌ನಲ್ಲಿ ಬಿದ್ದದ್ದು ಕಂಡರೆ ಯಾರಿಗೆ ಎಷ್ಟು ಹೊತ್ತಿನೊಳಗೆ ತಿಳಿಸ್ತೀರಾ. ಮೂರನೆಯದಕ್ಕೆ ಇನ್ನೂ ಉತ್ತರ ಬರೆಯುತ್ತಿದ್ದೇನೆ.